ಎಲ್ಲರೂ ಬಿಜಿ, ಕಾಗದ ಮಾತ್ರ ಮೇಜಿನ ಮೇಲೆ

ಓದುಗರ ಪ್ರಶ್ನೆ, ನೀರ್ಚಾಲಿನಿಂದ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ಕಾಸರಗೋಡು ಪೇಟೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ದೇವಸ್ಥಾನದ ಆಮಂತ್ರಣ, ನೋಟೀಸು, ಕನ್ನಡ–ಮಲಯಾಳಂ ಅನುವಾದ ಎಲ್ಲ ಮಾಡುತ್ತೇವೆ. ನಾವು ಐದು ಜನ. ಪ್ರೂಫ್ ನೋಡಲು ನಿವೃತ್ತ ಮಾಷ್ಟ್ರೊಬ್ಬರು ಮಂಗಳವಾರ, ಶನಿವಾರ ಬರುತ್ತಾರೆ. ಬೆಳಿಗ್ಗೆ 10ರಿಂದ ಸಂಜೆ 6ರ ತನಕ ಯಾರೂ ಸುಮ್ನೆ ಕೂರುವುದಿಲ್ಲ. ಆದರೂ ಗಿರಾಕಿಗಳು ‘ಆಯ್ತಾ?’ ಎಂದು ಕೇಳುವುದು ತಪ್ಪಿಲ್ಲ. ನೀವು ಹಿಂದೆ ಈ ಅಂಕಣದಲ್ಲಿ ಹೇಳಿದ ಹಾಗೆ ಒಂದು ಕೆಲಸಕ್ಕೆ ಚೀಟಿ ಅಂಟಿಸಿ, ಯಾರು ಯಾವಾಗ ಎತ್ತಿಕೊಂಡರು, ಯಾವಾಗ ಮುಗಿಸಿದರು ಎಂದು ಬರೆದೆವು. ಚೀಟಿಯ ಫೋಟೋ ಕಳಿಸಿದ್ದೇನೆ. ಇನ್ನೊಬ್ಬ ಡಿಟಿಪಿ ಆಪರೇಟರನ್ನು ತೆಗೆದುಕೊಳ್ಳಬೇಕಾ? ಈಗ ಕೈಯಲ್ಲಿ ಸುಮಾರು 40 ಕೆಲಸಗಳಿವೆ. ದಿನಕ್ಕೆ ಐದು ಮುಗಿಯುತ್ತವೆ.

ಉತ್ತರ: ಚೀಟಿ ಬರೆದು ಕಳಿಸಿದ್ದಕ್ಕೆ ಮೊದಲು ಥ್ಯಾಂಕ್ಸ್. ನೂರು ಮಾತಿಗಿಂತ ಇಂಥ ಒಂದು ಚೀಟಿ ಮೇಲು. ಉಳಿದ ಓದುಗರಿಗೂ ಗೊತ್ತಾಗಲಿ ಎಂದು ಅದರಲ್ಲಿ ಇರುವುದನ್ನು ಇಲ್ಲಿ ಹೇಳುತ್ತೇನೆ.

ಕೆಲಸ ಒಂದು ಬ್ರಹ್ಮಕಲಶೋತ್ಸವದ ಆಮಂತ್ರಣ, ಎರಡು ಭಾಷೆಯಲ್ಲಿ. ಸೋಮವಾರ ಬೆಳಿಗ್ಗೆ 10ಕ್ಕೆ ವಾಟ್ಸ್ಯಾಪಿನಲ್ಲಿ ಮ್ಯಾಟರ್ ಬಂದಿದೆ. ಸಂಜೆ 4ಕ್ಕೆ ಟೈಪಿಂಗ್ ಶುರುವಾಗಿ 5ಕ್ಕೆ ಮುಗಿದಿದೆ. ಅನುವಾದದ ಮೇಜಿಗೆ ಅದು ಹತ್ತಿದ್ದು ಬುಧವಾರ 11ಕ್ಕೆ, ಇಳಿದದ್ದು 12.30ಕ್ಕೆ. ಡಿಸೈನ್ ಆದದ್ದು ಗುರುವಾರ 3ರಿಂದ 4.30. ಮಾಷ್ಟ್ರು ಪ್ರೂಫ್ ನೋಡಿದ್ದು ಶನಿವಾರ ಬೆಳಿಗ್ಗೆ 10ರಿಂದ 10.30. ಅದೇ ದಿನ 11ಕ್ಕೆ ಕೂತು ಕಾಲು ಗಂಟೆಯಲ್ಲಿ ತಿದ್ದಿ, ಗಿರಾಕಿಗೆ ಕಳಿಸಿದ್ದೀರಿ. ಗಿರಾಕಿಯ ಉತ್ತರ ಮುಂದಿನ ಮಂಗಳವಾರ ಸಂಜೆ 6ಕ್ಕೆ ಬಂದಿದೆ. ಬುಧವಾರ 10ಕ್ಕೆ ಮತ್ತೆ ಕಾಲು ಗಂಟೆ ತಿದ್ದಿ ಪ್ರೆಸ್ಸಿಗೆ ಕಳಿಸಿದ್ದೀರಿ.

ಈಗ ಕೂಡಿಸಿ ನೋಡೋಣ. ಯಾರಾದರೂ ಆ ಕಾಗದವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದು ಒಟ್ಟು 5 ಗಂಟೆ. ಭಾನುವಾರ ಬಿಟ್ಟು, ಅಂಗಡಿ ತೆರೆದ ಹೊತ್ತು ಮಾತ್ರ ಲೆಕ್ಕ ಹಾಕಿದರೂ ಅದು ಹಿಡಿದ ಸಮಯ 64 ಗಂಟೆಯ ಮೇಲೆ ಕಾಲು ಗಂಟೆ. ಅಂದರೆ ನೂರರಲ್ಲಿ ಎಂಟು ಪಾಲು ಕೆಲಸ, ತೊಂಬತ್ತೆರಡು ಪಾಲು ಕಾಯುವುದು. ಇದು ನಿಮ್ಮೊಬ್ಬರ ಅಂಗಡಿಯ ಕಥೆಯಲ್ಲ. ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಟೆಸ್ಟಿಂಗ್ ತಂಡ ನೋಡಿಕೊಂಡವಳು. ಅಲ್ಲೂ ಇಂಥದ್ದೇ ಲೆಕ್ಕ ಕಂಡಿದ್ದೇನೆ.

ಹಾಗಾಗಿ ಹೊಸ ಆಪರೇಟರ್ ಬೇಡ. ಟೈಪಿಂಗ್ ಎರಡು ಪಟ್ಟು ಬೇಗ ಆಯಿತು ಅಂತಿಟ್ಟುಕೊಳ್ಳಿ. ಉಳಿಯುವುದು ಅರ್ಧ ಗಂಟೆ. ಆ ಅರ್ಧ ಗಂಟೆಯೂ ಅನುವಾದದ ಮೇಜಿನಲ್ಲಿ ಕಾಯುವುದಕ್ಕೇ ಹೋಗುತ್ತದೆ. ಟೈಪ್ ಮಾಡಿದ್ದೆಲ್ಲ ಆ ಒಂದು ಮೇಜಿನ ಮೇಲೆ ಇನ್ನಷ್ಟು ಎತ್ತರಕ್ಕೆ ರಾಶಿ ಬೀಳುತ್ತದೆ, ಅಷ್ಟೆ.

ಕಾಯುವ ಹೊತ್ತಿನ ಒಳಗೆ ಕಣ್ಣು ಹಾಕಿ. ಒಟ್ಟು 59 ಗಂಟೆ ಚಿಲ್ಲರೆ. ಅದರಲ್ಲಿ ಗಿರಾಕಿಯ ಕಡೆಯಿಂದ ಆದದ್ದು ಸುಮಾರು 23 ಗಂಟೆ. ಉಳಿದ 36 ಗಂಟೆ ನಿಮ್ಮ ಅಂಗಡಿಯ ಒಳಗೇ ಆಗಿದೆ. ‘ಸಮಿತಿಯವರು ತಡ ಮಾಡ್ತಾರೆ’ ಎಂದು ನೀವು ಪತ್ರದ ಹಿಂದೆ ಬರೆದಿದ್ದೀರಿ. ಸ್ವಲ್ಪ ಮಟ್ಟಿಗೆ ಸರಿ. ಆದರೆ ದೊಡ್ಡ ಪಾಲು ನಿಮ್ಮ ನಾಲ್ಕು ಮೇಜುಗಳ ನಡುವೆಯೇ ಇದೆ.

ಮಾಷ್ಟ್ರ ವಿಷಯ ಮೊದಲು ತೆಗೆದುಕೊಳ್ಳೋಣ, ಅದು ಸುಲಭ. ಅವರು ವಾರಕ್ಕೆ ಎರಡು ದಿನ ಬಂದು ಒಂದು ಕಟ್ಟು ಪ್ರೂಫ್ ಒಟ್ಟಿಗೆ ನೋಡುತ್ತಾರೆ. ಗುರುವಾರ ಸಂಜೆ ಮುಗಿದ ಡಿಸೈನ್ ಶನಿವಾರದ ತನಕ ಕೂರಲೇಬೇಕು. ಅವರ ಕೆಲಸದಲ್ಲಿ ತಪ್ಪಿಲ್ಲ, ಕಟ್ಟು ಕಟ್ಟುವುದರಲ್ಲಿ ತೊಂದರೆ ಇದೆ. ದಿನಾ ಸಂಜೆ ಅವತ್ತಿನ ನಾಲ್ಕೈದು ಪುಟವನ್ನು ಪಿಡಿಎಫ್ ಮಾಡಿ ಅವರ ಫೋನಿಗೆ ಕಳಿಸಿ. ಮನೆಯಲ್ಲೇ ಕೂತು ನೋಡಿ, ತಪ್ಪುಗಳನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಲಿ. ಅವರಿಗೆ ವಾರದ ಒಟ್ಟು ಕೆಲಸ ಅಷ್ಟೇ ಇರುತ್ತದೆ. ನಿಮ್ಮ ಕಾಗದಕ್ಕೆ ಮಾತ್ರ ಒಂದು ದಿನ ಉಳಿಯುತ್ತದೆ.

ಅನುವಾದದ ಮೇಜು ಸ್ವಲ್ಪ ಕಷ್ಟ. ಎರಡೂ ಭಾಷೆ ಸರಿಯಾಗಿ ಬಲ್ಲವರು ನಿಮ್ಮಲ್ಲಿ ಒಬ್ಬರೇ. ಅವರು ಟೈಪಿಂಗ್‌ಗೂ ಕೈ ಕೊಡುತ್ತಾರೆ, ಕೌಂಟರಿಗೂ ಎದ್ದು ಬರುತ್ತಾರೆ, ಫೋನೂ ಎತ್ತುತ್ತಾರೆ ಎಂದು ಬರೆದಿದ್ದೀರಿ. ಇದನ್ನು ನಾಳೆಯಿಂದಲೇ ನಿಲ್ಲಿಸಿ. ಇಡೀ ಅಂಗಡಿಯ ವೇಗ ಅವರ ಮೇಜಿನ ವೇಗವೇ. ಅವರ ಒಂದು ಗಂಟೆ ಹೋದರೆ ಅಂಗಡಿಯ ಒಂದು ಗಂಟೆ ಹೋದ ಲೆಕ್ಕ. ಟೈಪಿಂಗ್‌ನವರಿಗೆ ಕೈ ಖಾಲಿಯಾದಾಗ ಹೊಸ ಮ್ಯಾಟರ್ ಎತ್ತಿಕೊಳ್ಳುವ ಬದಲು ಈ ಮೇಜಿನ ಭಾರ ಇಳಿಸಲಿ. ಆಮಂತ್ರಣಗಳಲ್ಲಿ ಪ್ರತಿ ಸಲವೂ ಬರುವ ಸಾಲುಗಳು ಎಷ್ಟಿಲ್ಲ! ಕಲಶಾಭಿಷೇಕ, ಹೊರೆಕಾಣಿಕೆ, ಧಾರ್ಮಿಕ ಸಭೆ, ಅನ್ನಸಂತರ್ಪಣೆ. ಇವುಗಳ ಮಲಯಾಳಂ ರೂಪವನ್ನು ಒಮ್ಮೆ ಸರಿಯಾಗಿ ಮಾಡಿ ಒಂದು ಫೈಲಿನಲ್ಲಿ ಇಟ್ಟರೆ, ಅನುವಾದಕ್ಕೆ ಉಳಿಯುವುದು ಹೆಸರುಗಳು ಮತ್ತು ಒಂದೆರಡು ವಿಶೇಷ ಸಾಲು.

ಇನ್ನು ಗಿರಾಕಿಯ ಮೂರು ದಿನ. ಕೊನೆಗೆ ಅವರು ತಿದ್ದಿಸಿದ್ದೇನು ಎಂದು ಚೀಟಿಯಲ್ಲಿ ಬರೆದಿದೆ: ಇಬ್ಬರ ಇನಿಷಿಯಲ್, ಒಬ್ಬರ ಮನೆ ಹೆಸರಿನ ಮಲಯಾಳಂ ಅಕ್ಷರ, ಮತ್ತು ಗೌರವಾಧ್ಯಕ್ಷರ ಹೆಸರು ಎರಡನೇ ಸಾಲಿನಿಂದ ಮೊದಲನೇ ಸಾಲಿಗೆ. ಇದಕ್ಕೆ ಇಡೀ ಡಿಸೈನ್ ಮುಗಿಯಬೇಕಿತ್ತಾ? ಸೋಮವಾರ ಮ್ಯಾಟರ್ ಬಂದ ಕೂಡಲೇ ಹೆಸರಿನ ಪಟ್ಟಿಯೊಂದನ್ನೇ ಟೈಪ್ ಮಾಡಿ, ‘ಹೆಸರು, ಮನೆ ಹೆಸರು, ಕ್ರಮ ಇಷ್ಟನ್ನು ಖಾತ್ರಿ ಮಾಡಿ ಕೊಡಿ’ ಎಂದು ಕಳಿಸಬಹುದಿತ್ತು. ನೀವು ಅನುವಾದ, ಡಿಸೈನ್ ಮಾಡುವ ಹೊತ್ತಿಗೆ ಅವರು ಅಲ್ಲಿ ಹೆಸರು ನೋಡುತ್ತಿದ್ದರು. ಇನ್ನೊಂದು ಮಾತು. ಆರ್ಡರ್ ತೆಗೆದುಕೊಳ್ಳುವಾಗಲೇ ಎರಡು ಪ್ರಶ್ನೆ ಕೇಳಿ: ಕೊನೆಯ ಒಪ್ಪಿಗೆ ಯಾರದು? ಸಮಿತಿಯ ಮೀಟಿಂಗ್ ಯಾವತ್ತು? ದೇವಸ್ಥಾನದ ಸಮಿತಿ ಸೇರುವುದು ಹೆಚ್ಚಾಗಿ ಭಾನುವಾರ. ಶನಿವಾರ ಮಧ್ಯಾಹ್ನ ಒಬ್ಬರ ಫೋನಿಗೆ ಪ್ರೂಫ್ ಹೋದರೆ ಅದು ಮೀಟಿಂಗ್ ತಲುಪದೇ ಇರಬಹುದು. ಶುಕ್ರವಾರ ಹೋದರೆ ಭಾನುವಾರ ರಾತ್ರಿಯೇ ಉತ್ತರ ಬರುತ್ತದೆ.

ಈಗ ನಿಮ್ಮ 40 ಕೆಲಸಗಳ ವಿಷಯ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಕೈಯಲ್ಲಿ 40, ದಿನಕ್ಕೆ ಮುಗಿಯುವುದು 5. ಭಾಗಿಸಿದರೆ 8 ಕೆಲಸದ ದಿನ. ನಿಮ್ಮ ಚೀಟಿ ಹೇಳಿದ್ದೂ ಅದೇ 8 ದಿನ, ಅಲ್ವಾ? ಇದು ಕಾಕತಾಳೀಯ ಅಲ್ಲ. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಇದನ್ನು ಗಣಿತದಿಂದ ಸಾಬೀತು ಮಾಡಿದರು. ಲಿಟಲ್ ನಿಯಮ ಎಂದೇ ಅದಕ್ಕೆ ಹೆಸರು. ಒಳಗಿರುವ ಕೆಲಸಗಳ ಸಂಖ್ಯೆ ಎಂದರೆ, ಕೆಲಸ ಬರುವ ವೇಗ ಮತ್ತು ಒಂದೊಂದು ಕೆಲಸ ಒಳಗೆ ಇರುವ ಸಮಯ, ಇವೆರಡರ ಗುಣಲಬ್ಧ. ಸರಾಸರಿಯ ಲೆಕ್ಕ ಇದು. ಬರುವುದೂ ಹೋಗುವುದೂ ಹೆಚ್ಚು ಕಡಿಮೆ ಸಮ ಇದ್ದಾಗ ಸರಿ ಹೊಂದುತ್ತದೆ. ಬ್ಯಾಂಕಿನ ಸಾಲಿಗೂ ಕಾರ್ಖಾನೆಗೂ ನಿಮ್ಮ ಅಂಗಡಿಗೂ ಅದೇ ನಿಯಮ.

ಹಾಗಾದರೆ ಗಿರಾಕಿಗೆ ‘ನಾಳೆ ಕೊಡ್ತೇವೆ’ ಎಂದು ಹೇಳುವುದರಲ್ಲಿ ಅರ್ಥ ಇಲ್ಲ. ರಾಶಿ ನೋಡಿ, ಐದರಿಂದ ಭಾಗಿಸಿ, ಅಷ್ಟು ದಿನ ಹೇಳಿ. ಜೊತೆಗೆ, ಒಳಗೆ ಶುರು ಮಾಡಿದ ಕೆಲಸ 20ಕ್ಕಿಂತ ಜಾಸ್ತಿ ಆಗದಂತೆ ನೋಡಿಕೊಳ್ಳಿ. ಆಗ ಶುರುವಾದ ಕೆಲಸ 4 ದಿನದಲ್ಲಿ ಹೊರಗೆ ಬರುತ್ತದೆ. ‘ಉಳಿದ 20 ಎಲ್ಲಿಗೆ ಹೋಯಿತು, ಹೊರಗೆ ಕಾಯುವುದಲ್ವಾ?’ ಎಂದು ನೀವು ಕೇಳಬಹುದು. ಹೌದು, ಕಾಯುತ್ತವೆ. ಆದರೆ ಅವು ಇನ್ನೂ ಯಾರ ಮೇಜಿನ ಮೇಲೂ ಅರ್ಧ ಆಗಿ ಬಿದ್ದಿಲ್ಲ. ಅವುಗಳ ಫೈಲ್ ಹುಡುಕಬೇಕಾಗಿಲ್ಲ. ಮ್ಯಾಟರ್ ಬದಲಾದರೆ ಮಾಡಿದ್ದು ಕೆಡುವುದಿಲ್ಲ. ‘ಗುರುವಾರ ಎತ್ತಿಕೊಳ್ತೇವೆ’ ಎಂಬ ನಿಜವಾದ ದಿನ ಸಿಕ್ಕಿದ ಗಿರಾಕಿ ದಿನಕ್ಕೆ ಎರಡು ಸಲ ಫೋನ್ ಮಾಡುವುದಿಲ್ಲ. ಅವರ ಫೋನ್ ಎತ್ತುವ ಸಮಯ ಇದೆಯಲ್ಲ, ಅದೂ ಕೆಲಸಕ್ಕೆ ಸಿಗುತ್ತದೆ.

ಇಷ್ಟೆಲ್ಲ ಹೇಳುವುದು ಯಾಕೆ ಅಂದರೆ, ನಿಮ್ಮಂಥ ಅಂಗಡಿಗೆ ಕಾಯಲಾಗದ ಕೆಲಸಗಳೂ ಬರುತ್ತವೆ. ಒಂದು ಮನೆಯಲ್ಲಿ ಸಾವಾಗಿರುತ್ತದೆ. ಉತ್ತರಕ್ರಿಯೆಯ ಕಾಗದ ಎರಡು ದಿನದಲ್ಲಿ ಅಚ್ಚಾಗಿ ಕೈಗೆ ಬರಬೇಕು. ಮಗ ಬಂದು ಕೌಂಟರಿನ ಎದುರು ನಿಂತಿರುತ್ತಾನೆ. ಕುಂಭ, ಮೀನ ತಿಂಗಳಿಂದ ಮೇ ಕೊನೆಗೆ ಬರುವ ಪತ್ತನಾಜೆಯ ತನಕ ನಮ್ಮ ಕಡೆ ಕಳಿಯಾಟ (ತೆಯ್ಯಂ ಉತ್ಸವ), ಜಾತ್ರೆ, ಮದುವೆ, ಗೃಹಪ್ರವೇಶ ಒಂದರ ಮೇಲೊಂದು. ಆ ದಿನಗಳಲ್ಲಿ 40 ಕಾಗದಗಳ ನಡುವೆ ಆ ಒಂದನ್ನು ತುರುಕಿದರೆ, ಬಾಕಿ ಎಲ್ಲ ಗಿರಾಕಿಗಳಿಗೆ ಕೊಟ್ಟ ಮಾತು ಒಟ್ಟಿಗೆ ತಪ್ಪುತ್ತದೆ. ದಿನಕ್ಕೆ ಒಂದು ಗಂಟೆ ಅನುವಾದದ ಮೇಜಿನಲ್ಲಿ ಖಾಲಿ ಇಟ್ಟರೆ, ಆ ಮಗನಿಗೆ ‘ನಾಳೆ ಮಧ್ಯಾಹ್ನ ಬನ್ನಿ’ ಎಂದು ಧೈರ್ಯವಾಗಿ ಹೇಳಬಹುದು. ಬೇರೆ ಯಾರ ದಿನವೂ ತಪ್ಪುವುದಿಲ್ಲ.

ಪ್ರಶ್ನೆ: ನಾನು ಉಪ್ಪಳದ ಮನೆಯಿಂದಲೇ ಬೆಂಗಳೂರಿನ ಒಂದು ಕಂಪನಿಗೆ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ನಾನು ಬರೆದ ಕೋಡನ್ನು ಇನ್ನೊಬ್ಬರು ನೋಡಿ ಒಪ್ಪಿದ ಮೇಲೆಯೇ ಮುಂದೆ ಹೋಗುವುದು. ಅದಕ್ಕೆ ಎರಡು ಮೂರು ದಿನ ಕಾಯಬೇಕು. ಅಷ್ಟರಲ್ಲಿ ಬೇರೆ ಕೆಲಸ ಶುರು ಮಾಡುತ್ತೇನೆ. ನಮ್ಮ ಮ್ಯಾನೇಜರ್ ಪ್ರತಿ ವಾರ ಎಕ್ಸೆಲ್ ತೋರಿಸಿ, ಎಲ್ಲರ ಸಮಯವೂ ಶೇಕಡಾ 95 ಕೆಲಸದಿಂದ ತುಂಬಿರಬೇಕು ಎನ್ನುತ್ತಾರೆ. ಅದೇ ಮೀಟಿಂಗಿನಲ್ಲಿ, ಗ್ರಾಹಕರಿಗೆ ಅವತ್ತೇ ಯಾಕೆ ಉತ್ತರ ಹೋಗುವುದಿಲ್ಲ ಎಂದೂ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ತಮ್ಮಾ, ಅವರ ಎಕ್ಸೆಲ್ ಪಕ್ಕದಲ್ಲೇ ಇನ್ನೊಂದು ಕಾಲಂ ಹಾಕಿ ತೋರಿಸು. ಲೆಕ್ಕ ಸುಲಭ. ತುಂಬಿದ ಪಾಲನ್ನು ಖಾಲಿ ಪಾಲಿನಿಂದ ಭಾಗಿಸು, ಒಂದು ಕೆಲಸದ ಸಮಯದಿಂದ ಗುಣಿಸು. ಒಂದು ಗಂಟೆಯ ಕೆಲಸ ಅಂತಿಟ್ಟುಕೋ. ನೋಡುವವರು ಶೇಕಡಾ 50 ತುಂಬಿದ್ದರೆ ಸರಾಸರಿ ಕಾಯುವುದು 1 ಗಂಟೆ. 80 ತುಂಬಿದ್ದರೆ 4 ಗಂಟೆ. 90 ಆದರೆ 9 ಗಂಟೆ. 95 ಆದರೆ 19 ಗಂಟೆ. 90ರಿಂದ 95ಕ್ಕೆ ಏರಿಸಿ ಗಳಿಸಿದ್ದು ಬರೀ ಐದು, ಕಾಯುವುದು ಮಾತ್ರ ಎರಡು ಪಟ್ಟಿಗೂ ಜಾಸ್ತಿ. ನೋಡುವವರು ಒಬ್ಬರೇ, ಕೆಲಸ ಹೊತ್ತು ಗೊತ್ತಿಲ್ಲದೆ ಬರುತ್ತದೆ, ಒಂದು ಚಿಕ್ಕದು ಒಂದು ದೊಡ್ಡದು ಎಂದು ಹಿಡಿದ ಲೆಕ್ಕ ಇದು. ನೋಡುವವರು ಜಾಸ್ತಿ ಇದ್ದರೆ ಅಂಕಿ ಇಳಿಯುತ್ತದೆ. ಆದರೆ ನೂರರ ಹತ್ತಿರ ಹೋದಂತೆ ಕಡಿದಾಗಿ ಏರುವುದು ಹಾಗೇ ಇರುತ್ತದೆ.

ಇದು ಹೊಸ ವಿದ್ಯೆಯಲ್ಲ. ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದರು. ಫೋನ್ ಕರೆಗಳು ಹೇಗೆ ಬಂದು ಬೀಳುತ್ತವೆ ಎಂಬುದರ ಮೇಲೆ 1909ರಲ್ಲಿ ಲೇಖನ ಬರೆದರು. ಸಾಲಿನಲ್ಲಿ ಕಾಯುವುದರ ಈ ಶಾಸ್ತ್ರ ಅಲ್ಲಿಂದ ಬೆಳೆಯಿತು. 1961ರಲ್ಲಿ ಕಿಂಗ್‌ಮನ್ ಎಂಬ ಇಂಗ್ಲೆಂಡಿನ ಗಣಿತಜ್ಞ ಇನ್ನೊಂದು ಅಂಶ ಸ್ಪಷ್ಟ ಮಾಡಿದರು: ಎಷ್ಟು ತುಂಬಿದೆ ಎಂಬುದು ಒಂದು, ಕೆಲಸ ಎಷ್ಟು ಏರುಪೇರಾಗಿದೆ ಎಂಬುದು ಇನ್ನೊಂದು. ಎರಡೂ ಸೇರಿ ಕಾಯುವುದನ್ನು ಹೆಚ್ಚಿಸುತ್ತವೆ.

ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬ್ಯುಲೆನ್ಸಿಗೆ ದಾರಿ ಬಿಡಬೇಕಾದರೆ ರಸ್ತೆಯಲ್ಲಿ ಜಾಗ ಇರಬೇಕು. ಗಾಡಿಗಳು ಒಂದಕ್ಕೊಂದು ತಾಗಿ ನಿಂತಿದ್ದರೆ ಎಷ್ಟೇ ಒಳ್ಳೆಯ ಡ್ರೈವರೂ ಏನೂ ಮಾಡಲಾರ. ನಿನ್ನ ಮ್ಯಾನೇಜರಿಗೆ ಇದನ್ನೇ ಹೇಳು. ಅವತ್ತೇ ಉತ್ತರ ಬೇಕಾದರೆ ಅವತ್ತು ಯಾರದ್ದಾದರೂ ಕೈ ಸ್ವಲ್ಪ ಖಾಲಿ ಇರಬೇಕು. ಇದು ಸೋಮಾರಿತನ ಅಲ್ಲ. ಕಾಯುವ ಗ್ರಾಹಕರಿಗಾಗಿ ಇಟ್ಟ ಜಾಗ.

ನಿನ್ನ ಕೈಯಲ್ಲಿರುವುದೂ ಒಂದಿಷ್ಟಿದೆ. ಕೋಡ್ ಚಿಕ್ಕ ಚಿಕ್ಕ ತುಂಡಾಗಿ ಕಳಿಸು. ಸಾವಿರ ಸಾಲು ನೋಡಲು ಒಬ್ಬರಿಗೆ ಇಡೀ ಮಧ್ಯಾಹ್ನ ಬೇಕು, ಹಾಗಾಗಿ ಯಾರೂ ಮುಟ್ಟುವುದಿಲ್ಲ. ನೂರು ಸಾಲನ್ನು ಚಾ ಕುಡಿಯುವ ಮೊದಲು ನೋಡಿ ಮುಗಿಸಬಹುದು. ಬೆಳಿಗ್ಗೆ ಕೂತ ಕೂಡಲೇ ಮತ್ತು ಊಟದ ನಂತರ, ತನ್ನ ಕೆಲಸ ಮುಟ್ಟುವ ಮೊದಲು ಇನ್ನೊಬ್ಬರ ಕೋಡ್ ನೋಡುವುದು ಎಂದು ತಂಡದಲ್ಲಿ ಒಪ್ಪಿಕೊಳ್ಳಿ. ಇಬ್ಬರು ಸೇರಿ ಶುರು ಮಾಡಿದರೂ ಸಾಕು, ಉಳಿದವರು ಬರುತ್ತಾರೆ.

ಬೇರೆ ಕೆಲಸ ಶುರು ಮಾಡುತ್ತೇನೆ ಎಂದಿದ್ದೀಯಲ್ಲ, ಅಲ್ಲಿ ಸ್ವಲ್ಪ ನಿಲ್ಲು. ಎರಡು ಕೆಲಸ ಒಪ್ಪಿಗೆಗೆ ಕಾಯುತ್ತಿರುವಾಗ ಮೂರನೆಯದನ್ನು ತೆರೆದರೆ, ಮೂರು ದಿನ ಬಿಟ್ಟು ಮೊದಲನೆಯದು ಪ್ರಶ್ನೆಗಳ ಸಮೇತ ವಾಪಸ್ ಬರುತ್ತದೆ. ಆಗ ಏನು ಬರೆದಿದ್ದೆ, ಯಾಕೆ ಬರೆದಿದ್ದೆ ಎಂದು ಮತ್ತೆ ನೆನಪು ಮಾಡಿಕೊಳ್ಳಬೇಕು. ಹೀಗೆ ತಂಡದ ಪ್ರತಿಯೊಬ್ಬರೂ ಮೂರು ಮೂರು ತೆರೆದಿಟ್ಟರೆ, ನೋಡುವವರ ಸಾಲು ಇನ್ನೂ ಉದ್ದವಾಗುತ್ತದೆ. ಮೂರನೆಯದನ್ನು ತೆರೆಯುವ ಬದಲು ಫೋನ್ ಎತ್ತಿ, ‘ನಿಮ್ಮದು ನಾನು ನೋಡ್ತೇನೆ, ನನ್ನದು ನೀವು ನೋಡಿ’ ಎಂದು ಕೇಳು.

ಪ್ರಶ್ನೆ: ಪೆರ್ಲದ ಕಡೆ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಟೋಕನ್ ಮೆಷಿನ್ ತಂದರೆ ಜನರ ಕಾಯುವ ಹೊತ್ತು ಕಡಿಮೆ ಆಗುತ್ತದಾ ಮೇಡಂ?

ಉತ್ತರ: ಮೆಷಿನ್‌ನಿಂದ ಆಗುವುದಿಲ್ಲ, ಸಾಲು ಒಂದೇ ಮಾಡುವುದರಿಂದ ಆಗುತ್ತದೆ. ಮೂರು ಕೌಂಟರಿಗೆ ಮೂರು ಸಾಲಿದ್ದರೆ, ಒಂದರಲ್ಲಿ ಚಿನ್ನದ ಸಾಲದವರು ಬಂದಾಗ ಅವರ ಹಿಂದಿನವರೆಲ್ಲ ಸಿಕ್ಕಿಹಾಕಿಕೊಳ್ಳುತ್ತಾರೆ. ಪಕ್ಕದ ಕೌಂಟರ್ ಖಾಲಿ ಇದ್ದರೂ ಯಾರೂ ಅತ್ತ ಹೋಗುವುದಿಲ್ಲ. ಎಲ್ಲರಿಗೂ ಒಂದೇ ಸಾಲು, ಯಾವ ಕೌಂಟರ್ ಖಾಲಿಯಾದರೂ ಮುಂದಿನವರು ಅಲ್ಲಿಗೆ. ಟೋಕನ್ ಇದ್ದರೆ ವಯಸ್ಸಾದವರು ಕೂತು ಕಾಯಬಹುದು, ಅದಕ್ಕಾದರೂ ತನ್ನಿ. ಚಿನ್ನ ಪರೀಕ್ಷೆ ಮಾಡುವವರು ಬರುವ ಹೊತ್ತನ್ನು ಬಾಗಿಲಲ್ಲಿ ದೊಡ್ಡದಾಗಿ ಬರೆದು ಹಾಕಿ.

ಪ್ರಶ್ನೆ: ಮುಳ್ಳೇರಿಯ ಹತ್ತಿರ ನಾವು ಕೆಲವು ಮನೆಯವರು ಸೇರಿ ಅಡಿಕೆಗೆ ಮದ್ದು ಬಿಡಲು ಒಂದು ತಂಡ ಮಾಡಿಕೊಂಡಿದ್ದೇವೆ. ಮರ ಹತ್ತುವವರು ಇಬ್ಬರೇ. ಆದರೂ ಪ್ರತಿ ವರ್ಷ ಕೊನೆಯ ಎರಡು ತೋಟಕ್ಕೆ ಹೋಗುವಾಗ ಮಳೆ ಹಿಡಿದು, ಕೊಳೆರೋಗ ಬಂದಾಗಿರುತ್ತದೆ. ನಿಮ್ಮ ಲೆಕ್ಕ ತೋಟಕ್ಕೂ ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ. ನಮ್ಮ ಮನೆಯಲ್ಲೂ ತೋಟ ಇರುವುದರಿಂದ ಈ ಸಂಕಟ ಗೊತ್ತು. ನಿಮ್ಮಲ್ಲಿ ಇಡೀ ಕೆಲಸದ ವೇಗ ಆ ಇಬ್ಬರು ಹತ್ತುವವರ ಕೈಯಲ್ಲಿದೆ. ಹಾಗಾದರೆ ಅವರು ನೆಲದ ಮೇಲೆ ನಿಂತು ಕಾಯುವ ಹೊತ್ತು ಎಷ್ಟು ಎಂದು ಒಂದು ದಿನ ನೋಡಿ. ಬೆಳಿಗ್ಗೆ ಬಂದ ಮೇಲೆ ಮೈಲುತುತ್ತು (ತಾಮ್ರದ ಸಲ್ಫೇಟ್) ಕರಗುವ ತನಕ ಕಾಯುತ್ತಾರೆ. ಸುಣ್ಣ ಸೋಸುವ ತನಕ ಕಾಯುತ್ತಾರೆ. ಆಮೇಲೆ ಪೈಪ್ ಸಾಲದೆ ಇನ್ನೊಂದು ಮನೆಯಿಂದ ತರುವ ತನಕ. ನಿಮ್ಮ ಕೊನೆಯ ಎರಡು ತೋಟದ ದಿನಗಳು ಸೋರಿ ಹೋಗುವುದು ಅಲ್ಲೇ.

ಶೇಕಡಾ 1ರ ಬೋರ್ಡೋ ಮದ್ದಿಗೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬುದು ನಿಮಗೆ ಗೊತ್ತಿರುವುದೇ. ಎರಡನ್ನೂ ಸೇರಿಸಿದ ಮೇಲೆ ಅವತ್ತೇ ಬಳಸಿ ಮುಗಿಸಬೇಕು. ಆದರೆ ಬೇರೆ ಬೇರೆಯಾಗಿ ಕರಗಿಸಿ ಇಡಲು ಅಡ್ಡಿಯಿಲ್ಲ. ಹಿಂದಿನ ದಿನ ಸಂಜೆಯೇ ಮೈಲುತುತ್ತನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಸುಣ್ಣವನ್ನು ಇನ್ನೊಂದರಲ್ಲಿ ನೀರು ಮಾಡಿ ಸೋಸಿ ಇಡಿ. ಬೆಳಿಗ್ಗೆ ಸೇರಿಸಿದರೆ ಆಯಿತು. ಈ ಕೆಲಸ ತೋಟದ ಮನೆಯವರೇ ಮಾಡಬಹುದು, ಹತ್ತುವವರು ಬೇಕಾಗಿಲ್ಲ. ಮೋಟಾರು, ಪೈಪ್ ಎಲ್ಲ ಸಂಜೆಯೇ ಮುಂದಿನ ತೋಟ ಮುಟ್ಟಿರಲಿ. ಗಿಡ್ಡ ಮರಗಳಿಗೆ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲಿ ನಿಂತೇ ಬಿಡಬಹುದು. ಹತ್ತುವವರನ್ನು ಎತ್ತರದ ಮರಗಳಿಗೆ ಮಾತ್ರ ಇಟ್ಟುಕೊಳ್ಳಿ.

ಇನ್ನು ದಿನ ಹಂಚುವುದು. ಮೇ ಕೊನೆಯ ವಾರದಿಂದ ಮಳೆ ಹಿಡಿಯುವ ತನಕ ಒಂದು ದಿನವೂ ಬಿಡದೆ ಹಂಚುತ್ತೀರಿ ಅಂತ ಕಾಣುತ್ತದೆ. ಆಗ ಒಂದು ಸಂಜೆಯ ಗುಡುಗು ಮಳೆ ಬಂದರೂ ಹಿಂದಿನವರೆಲ್ಲ ಒಂದೊಂದು ದಿನ ಜಾರುತ್ತಾರೆ, ಕೊನೆಯವರಿಗೆ ಎಲ್ಲರ ತಡವೂ ಸೇರಿ ಬೀಳುತ್ತದೆ. ಐದು ದಿನಕ್ಕೊಂದು ದಿನ ಖಾಲಿ ಇಡಿ, ಬೇಕಾದರೆ ಒಂದು ವಾರ ಮೊದಲೇ ಶುರು ಮಾಡಿ. ಮತ್ತೆ ಪ್ರತಿ ವರ್ಷ ಅವೇ ಎರಡು ಮನೆ ಕೊನೆಗೆ ಬರುವುದು ನ್ಯಾಯ ಅಲ್ಲ. ಹಳ್ಳದ ಬದಿಯ, ಬಿಸಿಲು ಕಡಿಮೆ ಬೀಳುವ ತೋಟಕ್ಕೆ ಕೊಳೆ ಬೇಗ ಬರುತ್ತದೆ, ಅದನ್ನು ಮೊದಲು ಹಿಡಿಯಿರಿ. ಎರಡನೇ ಸಲದ ಮದ್ದು 40–45 ದಿನಕ್ಕೆ ಬರಬೇಕಲ್ವಾ, ಆ ತಾರೀಕನ್ನು ಮೊದಲ ಸಲ ಬಿಟ್ಟ ದಿನವೇ ಆಯಾ ತೋಟದ ಹೆಸರಿನ ಎದುರು ಕ್ಯಾಲೆಂಡರಿನಲ್ಲಿ ಬರೆದು, ಹತ್ತುವ ಇಬ್ಬರಿಗೂ ಅವತ್ತೇ ಹೇಳಿಡಿ.